ಕಲಬುರಗಿ ಬೇಸಿಗೆಯಲ್ಲಿ ಎಸಿ ಇಲ್ಲದೆ ಸಿಗಾರ್ ಉಳಿಸಿದ್ದು: ನನ್ನ ಅನುಭವ

ಕಲಬುರಗಿಯಲ್ಲಿ ಎಸಿ ರೂಮಿಲ್ಲದೆ ಸಿಗಾರ್ ಇಡೋಕೆ ಆಗಲ್ಲ ಅಂತ ಬೆಂಗಳೂರಿನ ಗೆಳೆಯರು ಹೇಳುತ್ತಲೇ ಇದ್ದರು. ಮಡಕೆಯಲ್ಲಿ ಇಡುತ್ತೇನೆ ಅಂದಾಗ ನಕ್ಕಿದ್ದರು ಕೂಡ. ಮಡಕೆಗೆ ಹಾಕಿದ ಮೇಲೆ ಈಗ ಎರಡನೇ ಬೇಸಿಗೆ ದಾಟಿದೆ. ಒಂದರ ಹೊದಿಕೆ ಎಲೆಯೂ ಬಿರಿದಿಲ್ಲ, ಹುಳ ಬಿದ್ದಿಲ್ಲ.

ಮೊದಲು ರೊಕ್ಕ ಹೋದ ಕಥೆ. ಆನ್‌ಲೈನ್‌ನಲ್ಲಿ ತರಿಸಿದ ಸೀಡರ್ ಹ್ಯೂಮಿಡಾರ್‌ಗೆ (ಸಿಗಾರ್ ಒಣಗದಂತೆ ತೇವ ಕಾಯುವ ಮರದ ಪೆಟ್ಟಿಗೆ) ಸುಮಾರು 9,000 ಕೊಟ್ಟಿದ್ದೆ. ನಿಧಾನವಾಗಿ ತೇವ ಕೊಟ್ಟು ಮರವನ್ನು ಹದ ಮಾಡಿಯೇ ಶುರು ಮಾಡಿದ್ದು. ಮಾರ್ಚ್ ಮುಗಿಯುವಷ್ಟರಲ್ಲಿ ಮುಚ್ಚಳ ಸೊಟ್ಟಗಾಯಿತು. ಇಲ್ಲಿನ ಬೇಸಿಗೆ ಮಧ್ಯಾಹ್ನ ಗಾಳಿಯಲ್ಲಿ ತೇವ ತೀರಾ ಕಡಿಮೆ. ಮರ ತಾನೇ ಏನು ಮಾಡೀತು? ಜೊತೆಗೆ ಬಂದ, ತೇವ ಅಳೆಯುವ ಮುಳ್ಳಿನ ಮೀಟರ್ ಮಾತ್ರ ಆರಾಮಾಗಿ 70 ಪರ್ಸೆಂಟ್ ತೋರಿಸುತ್ತಿತ್ತು. ಉಪ್ಪಿನ ಪರೀಕ್ಷೆಗೆ, ಅಂದರೆ ಒದ್ದೆ ಉಪ್ಪಿನ ಜೊತೆ ಮುಚ್ಚಿದ ಡಬ್ಬಿಯಲ್ಲಿ ಇಟ್ಟರೆ 75ಕ್ಕೆ ನಿಲ್ಲಬೇಕಾದದ್ದು 88ರ ಹತ್ತಿರ ನಿಂತಿತು.

ಆಮೇಲೆ ಕಂಪ್ರೆಸರ್ ಇಲ್ಲದ ಸಣ್ಣ ವೈನ್ ಕೂಲರ್. 14,000 ಚಿಲ್ಲರೆ. ಹೊರಗೆ 43 ಡಿಗ್ರಿ ಇದ್ದ ದಿನ ಅದರೊಳಗೆ 27ಕ್ಕಿಂತ ಕೆಳಗಿಳಿಯಲೇ ಇಲ್ಲ. ಮೇಲೆ ಕರೆಂಟ್ ಬೇರೆ ಹೋಗುತ್ತಿತ್ತು. ಒಂದು ಬೆಳಗ್ಗೆ ತೆರೆದರೆ ಸಿಗಾರ್ ತುಂಬ ಸೂಜಿ ಚುಚ್ಚಿದಂಥ ತೂತು, ಕೆಳಗೆ ಕಂದು ಪುಡಿ. ತಂಬಾಕಿನ ಹುಳದ ಕೆಲಸ. ನಿಕರಾಗುವಾದ ರೊಬಸ್ಟೊ (ಗಿಡ್ಡ, ದಪ್ಪ ಸಿಗಾರ್) ಬಾಕ್ಸ್, 20,000ದ ಆಸುಪಾಸು, ಪೂರ್ತಿ ತಿಪ್ಪೆಗೆ ಹೋಯಿತು. ಹೆಂಡತಿ ರೇಟು ಕೇಳಿದಳು. ಅರ್ಧ ಹೇಳಿದೆ.

ಫ್ರಿಜ್ ಬಗ್ಗೆ ಯಾರೂ ಕೇಳಬೇಡಿ. ಫ್ರಾಸ್ಟ್-ಫ್ರೀ ಫ್ರಿಜ್ ಇದ್ದ ತೇವವನ್ನೂ ಹೀರುತ್ತದೆ, ಬೆಳ್ಳುಳ್ಳಿ ಚಟ್ನಿ ವಾಸನೆಯನ್ನು ಪುಕ್ಕಟೆ ಕೊಡುತ್ತದೆ.

ಕೊನೆಗೆ ಕೆಲಸ ಮಾಡಿದ್ದು ಮಡಕೆಯೊಳಗಿನ ಮಡಕೆ. ನೈಜೀರಿಯಾದ ಮೇಷ್ಟ್ರು ಮೊಹಮ್ಮದ್ ಬಾ ಅಬ್ಬಾ 1990ರ ದಶಕದಲ್ಲಿ ತರಕಾರಿ ಕೆಡದಿರಲಿ ಅಂತ ಹಳ್ಳಿಗಳಿಗೆ ಹಂಚಿದ್ದು ಇದನ್ನೇ. ದೊಡ್ಡ ಹರವಿ, ಒಳಗೆ ಸಣ್ಣದು, ನಡುವೆ ಎರಡು ಬೆರಳಗಲ ಒದ್ದೆ ಉಸುಕು, ಮೇಲೆ ಒದ್ದೆ ಗೋಣಿ. ಗಾಳಿ ಎಷ್ಟು ಒಣಗಿರುತ್ತದೋ ಅಷ್ಟು ತಂಪು. ಅಂದರೆ ನಮ್ಮ ಊರಿನ ಸುಡುಗಾಳಿಯೇ ಇಲ್ಲಿ ಎಸಿ! ಮಂಗಳೂರಿನವರಿಗೆ ಇದು ಕೆಲಸಕ್ಕೆ ಬರಲ್ಲ, ಸುಮ್ನೆ ಪ್ರಯತ್ನಿಸಬೇಡಿ. ಪಡಸಾಲೆಯ ಜಾಲರಿ ಕಿಟಕಿ ಪಕ್ಕ, ನೆರಳಲ್ಲಿ, ಶಹಾಬಾದ್ ಕಲ್ಲಿನ ಮೇಲೆ ಇಟ್ಟಿದ್ದೇನೆ. ದಿನಕ್ಕೆ ಎರಡು ಸಲ ನೀರು. ಮೇ ತಿಂಗಳಲ್ಲೂ ಒಳಗೆ 25-26.

ಸಿಗಾರ್‌ಗಳನ್ನು ಮಡಕೆಯಲ್ಲಿ ಬರಿದೇ ಇಟ್ಟರೆ ಬೂಸ್ಟು ಗ್ಯಾರಂಟಿ. ರಬ್ಬರ್ ರಿಂಗಿನ ಗಟ್ಟಿ ಡಬ್ಬಿಯಲ್ಲಿ ಹಾಕಿ, ಜೊತೆಗೆ ಬೋವೆಡಾ 65, ಅಂದರೆ ಡಬ್ಬಿಯ ತೇವವನ್ನು 65 ಪರ್ಸೆಂಟ್‌ನಲ್ಲಿ ಹಿಡಿದಿಡುವ ಪೊಟ್ಟಣ, ಇಡುತ್ತೇನೆ. 69 ಇಟ್ಟೂ ನೋಡಿದೆ. ಎಳೆಯುವಾಗ ಬಿಗಿ, ನಡುವೆ ಆರಿಹೋಗುವುದು ಜಾಸ್ತಿ. 72 ಅಂತೂ ಬೇಡವೇ ಬೇಡ. ಒಟ್ಟು ಖರ್ಚು 1,500 ದಾಟಿಲ್ಲ. ಉಸುಕಿಗೆ ಇನ್ನೊಂದು ಸಾಮಾನು ಬೆರೆಸುತ್ತೇನೆ, ಅದರಿಂದ ನೀರು ಹೆಚ್ಚು ಹೊತ್ತು ನಿಲ್ಲುತ್ತದೆ. ಏನು ಅಂತ ಹೇಳಲ್ಲ.

25-26 ಅಂದರೆ ಎಲೆಯೊಳಗಿನ ಹುಳದ ಮೊಟ್ಟೆ ಒಡೆಯೋಕೆ ಸಾಕಾಗುವ ಕಾವೇ ಅಲ್ವಾ? ಅದಕ್ಕೇ ಮೊಟ್ಟೆ ಸಾಯಲಿ ಅಂತ ಹೊಸ ಮಾಲು ಬಂದ ಕೂಡಲೇ ಎರಡೆರಡು ಜಿಪ್ ಕವರ್ ಹಾಕಿ ಒಂದು ದಿನ ಫ್ರಿಜ್, ನಾಲ್ಕು ದಿನ ಫ್ರೀಜರ್, ಮತ್ತೆ ಒಂದು ದಿನ ಫ್ರಿಜ್. ನೇರವಾಗಿ ಹೊರಗೆ ತೆಗೆದರೆ ಹೊದಿಕೆ ಬಿರಿಯುತ್ತದೆ. ಫ್ರಿಜ್ಜಿನ ಉಪಯೋಗ ಇಷ್ಟೇ.

ನಡುವೆ ಒಂದು ಹುಚ್ಚಾಟವೂ ಆಯಿತು. ಬೀದರಿನಿಂದ ಬಿದ್ರಿ ಡಬ್ಬಿ ತಂದೆ, 3,500 ಇರಬೇಕು. ಕಪ್ಪಿನ ಮೇಲೆ ಬೆಳ್ಳಿ ಬಳ್ಳಿ, ನೋಡೋಕೆ ರಾಜಠೀವಿ. ಆದರೆ ಸತು-ತಾಮ್ರದ ಲೋಹ ತೇವ ಹೀರುವುದೂ ಇಲ್ಲ, ಬಿಡುವುದೂ ಇಲ್ಲ. ಹಿಂದಿನವರು ಹುಕ್ಕಾದ ತಳವನ್ನು ಬಿದ್ರಿಯಲ್ಲಿ ಮಾಡಿದ್ದು ಸರಿ, ಅದರಲ್ಲಿ ನೀರೇ ಇರುತ್ತಿತ್ತು. ನನ್ನದು ಈಗ ಸಿಗಾರ್ ತುದಿ ಕತ್ತರಿಸುವ ಕಟರ್, ಬೆಂಕಿಪೊಟ್ಟಣ ಇಡೋಕೆ. ತಿರುಚ್ಚಿಯ ಚುಟ್ಟಾಗಳನ್ನೂ ಮಡಕೆಯಲ್ಲಿ ಆರು ತಿಂಗಳು ಮಲಗಿಸಿದೆ. ಖಾರ ಸ್ವಲ್ಪ ಇಳಿಯಿತು. ಆ ರೇಟಿಗೆ ಬಂಗಾರ.

ಸೇದುವುದು ರಾತ್ರಿ ಎಂಟರ ಮೇಲೆ, ಮಾಳಿಗೆಯಲ್ಲಿ, ಕಲ್ಲಿನ ಕಾವು ಇಳಿದ ಮೇಲೆ. ಅದಕ್ಕೂ ಮೊದಲು ಹಚ್ಚಿದರೆ ಬಿಸಿಗಾಳಿಗೆ ದಡದಡ ಉರಿದು ಬಾಯಿ ಕಹಿಯಾಗುತ್ತದೆ. ಫೋನ್ ಕೆಳಗೇ ಬಿಟ್ಟು ಹೋಗುತ್ತೇನೆ. ನಿಮಿಷಕ್ಕೊಂದು ದಮ್ಮು, ಪಕ್ಕದಲ್ಲಿ ಸಕ್ಕರೆ ಇಲ್ಲದ ಚಹಾ. ರೊಬಸ್ಟೊ ಆದರೆ ಒಂದು ಗಂಟೆ ಆರಾಮು. ಆ ಹೊತ್ತಿನಲ್ಲಿ ಅಂಗಡಿ ಲೆಕ್ಕ, ತೊಗರಿ ರೇಟು ಯಾವುದೂ ತಲೆಗೆ ಬರಲ್ಲ. ಹೊಗೆ ಒಳಗೆ ಎಳೆಯದಿದ್ದರೂ ಬಾಯಿ ಕ್ಯಾನ್ಸರ್ ಅಪಾಯ ಇದ್ದೇ ಇದೆ ಅಂತ ಡಾಕ್ಟರ್ ಗೆಳೆಯ ಬೈದ ಮೇಲೆ ವಾರಕ್ಕೆ ಒಂದೇ. ಮಕ್ಕಳಿದ್ದರೆ ಅದೂ ಇಲ್ಲ.

ಮಳೆಗಾಲ ಹಿಡಿದರೆ ಉಸುಕಿಗೆ ನೀರು ಬಂದ್. ಗಾಳಿಯಲ್ಲಿ ತೇವ ಏರಿದ ಮೇಲೆ ಮಡಕೆ ತಂಪು ಕೊಡಲ್ಲ, ಡಬ್ಬಿ ಕಪಾಟಿಗೆ ಹೋಗುತ್ತದೆ. ಖಾಲಿ ಹರವಿಯಲ್ಲಿ ಮನೆಯವರು ಆಲೂಗಡ್ಡೆ ತುಂಬುತ್ತಾರೆ. ಫೆಬ್ರವರಿಗೆ ಖಾಲಿ ಮಾಡಿಸೋಕೆ ಪ್ರತಿ ವರ್ಷ ಜಗಳ.