ಪುಟ್ಟ ಮಕ್ಕಳಿಗೆ ಕನ್ನಡ ಓದು, ಬರಹ: ಮೊದಲು ಕಿವಿ, ಆಮೇಲೆ ಕೈ

ಒಂದನೇ ತರಗತಿಗೆ ಬರುವ ಮಗುವಿಗೆ ಕನ್ನಡ ಆಗಲೇ ಬರುತ್ತದೆ. ‘ಮರಕ್ಕೆ’ ಅನ್ನುತ್ತದೆ, ‘ಮರಗೆ’ ಅನ್ನುವುದಿಲ್ಲ. ‘ಅಕ್ಕ ಬಂದ್ಳು, ಹಸು ಬಂತು’ ಅನ್ನುತ್ತದೆ. ಇದನ್ನೆಲ್ಲ ಯಾರೂ ಕೂರಿಸಿ ಕಲಿಸಿರುವುದಿಲ್ಲ. ಬಾಯಲ್ಲಿರುವ ಸದ್ದಿಗೆ ಗುರುತು ಹಾಕುವುದನ್ನು ಕಲಿಸಿದರೆ ಸಾಕು. ಮಂಡ್ಯ ಕಡೆಯ ಸರ್ಕಾರಿ ಶಾಲೆಯಲ್ಲಿ ಒಂದರಿಂದ ಮೂರನೇ ತರಗತಿ ನೋಡಿಕೊಳ್ಳುವ ನಾನು ಮಾಡುವುದು ಇಷ್ಟನ್ನೇ.

ಅ ಆ ಇ ಈ ಇಂದ ಶುರು ಮಾಡಬೇಡಿ. ವರ್ಣಮಾಲೆಯ 49 ಅಕ್ಷರ ಮುಗಿಯಲಿ ಅಂತ ಕಾದರೆ ತಿಂಗಳುಗಟ್ಟಲೆ ಮಗು ಒಂದು ಪದವನ್ನೂ ಓದುವುದಿಲ್ಲ. ಓದಿನ ರುಚಿಯೇ ಸಿಗುವುದಿಲ್ಲ. 1995ರಲ್ಲಿ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ ಶುರುವಾದ, ಸರ್ಕಾರಿ ಶಾಲೆಗಳ ಆಡುತ್ತಾ ಕಲಿಯುವ ಪದ್ಧತಿಯಾದ ನಲಿಕಲಿಯಲ್ಲಿ ಮೊದಲು ಬರುವುದು ರ, ಗ, ಸ, ದ, ಅ. ಬರೆಯಲು ಸುಲಭ, ಕಾಗುಣಿತದ ಹಂಗಿಲ್ಲ. ಐದೇ ಅಕ್ಷರಕ್ಕೆ ಸರ, ದರ, ಅಗಸ, ಅರಸ, ಗರಗಸ ಎಲ್ಲ ಸಿಗುತ್ತವೆ. ನೀವು ಮನೆಯಲ್ಲಿ ಕಲಿಸುವವರಾದರೂ ಇದೇ ದಾರಿ ಹಿಡಿಯಿರಿ. ‘ಗರಗಸ’ ಅಂತ ಹೇಳಿಸಿ, ಅಕ್ಷರಕ್ಕೊಂದು ಚಪ್ಪಾಳೆ ತಟ್ಟಿಸಿ, ನಾಲ್ಕು ಚಪ್ಪಾಳೆ ಬಂತಲ್ವಾ ಅಂತ ಕೇಳಿ. ಆಮೇಲೆ ನೆಲದ ಮೇಲೆ ಸೀಮೆಸುಣ್ಣದಲ್ಲಿ ದೊಡ್ಡದಾಗಿ ಬರೆದು, ಗೆರೆಯ ಮೇಲೆ ಹುಣಸೆ ಬೀಜ ಜೋಡಿಸಲು ಬಿಡಿ. ಪೆನ್ಸಿಲ್ ಹಿಡಿಯುವ ಅವಸರ ಬೇಡ.

ಕಾಗುಣಿತದ ವಿಷಯಕ್ಕೆ ಬರೋಣ. ‘ಕ ಕಾ ಕಿ ಕೀ’ ರಾಗವಾಗಿ ಹೇಳುವ ಮಗುವನ್ನು ‘ಕೇ ಯಾವುದು?’ ಅಂತ ಕೇಳಿ ನೋಡಿ. ಅದು ಮತ್ತೆ ಕ ಇಂದ ಎಣಿಸಿಕೊಂಡು ಬರುತ್ತದೆ. ಹಾಡು ಬಂದಿದೆ, ಗುರುತು ಬಂದಿಲ್ಲ. ಅದಕ್ಕೇ ನಾನು ಒಂದು ಸಲಕ್ಕೆ ಒಂದೇ ಗುರುತು ತೆಗೆದುಕೊಳ್ಳುತ್ತೇನೆ. ಮೊದಲು ಇಳಿ: ಸರ ಸಾರ ಆಗುತ್ತದೆ, ದರ ದಾರ ಆಗುತ್ತದೆ. ಅದು ಗಟ್ಟಿಯಾದ ಮೇಲೆ ಗುಡಿಸು (ಕಿ), ಆಮೇಲೆ ಕೊಂಬು (ಕು). ಕೊಂಬಿನಲ್ಲಿ ಒಂದು ತೊಡಕಿದೆ. ಬೇರೆ ಅಕ್ಷರಗಳಿಗೆ ಪಕ್ಕದಲ್ಲಿ ಬರುವ ಕೊಂಬು ಪು, ಫು, ವು ಮೂರರಲ್ಲಿ ಕೆಳಗೆ ಇಳಿಯುತ್ತದೆ. ವ ಪಕ್ಕದಲ್ಲೇ ಕೊಂಬು ಹಾಕಿದರೆ ಅದು ಮ ಥರ ಕಾಣುತ್ತದೆ ಅಂತ ಬರೆದು ತೋರಿಸಿ, ಮಕ್ಕಳಿಗೆ ತಟ್ಟನೆ ಹೊಳೆಯುತ್ತದೆ. ಎ, ಏ ಗೊಂದಲಕ್ಕೆ ‘ಬೆಳೆ’, ‘ಬೇಳೆ’ ಜೋಡಿಗಿಂತ ಒಳ್ಳೆಯ ಮದ್ದಿಲ್ಲ. ರಾಗಿ ತೆನೆಯೊಂದು, ಹಿಡಿ ತೊಗರಿಬೇಳೆಯೊಂದು ಮುಂದಿಟ್ಟು, ನೀವು ಹೇಳಿದ್ದನ್ನು ಮುಟ್ಟಲು ಹೇಳಿ. ಕಿವಿ ತಪ್ಪಿದರೆ ಕೈ ತಪ್ಪಾದ ಕಡೆ ಹೋಗುತ್ತದೆ. ಆಗ ಬರೆಸುವುದನ್ನು ನಿಲ್ಲಿಸಿ, ಇನ್ನಷ್ಟು ಕೇಳಿಸಿ.

ಒತ್ತಕ್ಷರದಲ್ಲಿ ಜಾಸ್ತಿ ಮಕ್ಕಳು ನಿಂತುಬಿಡುತ್ತಾರೆ. ಇಲ್ಲಿ ನಿಧಾನ ಬೇಕು. ‘ಅಕ್ಕಿ’ ಪದವನ್ನು ‘ಅಕಿಕ’ ಅಂತ ಓದುವ ಮಗುವನ್ನು ನೀವೂ ನೋಡಿರಬಹುದು. ಮಗುವಿನ ತರ್ಕ ಸರಿಯಾಗಿಯೇ ಇದೆ. ಗುಡಿಸು ಇರುವುದು ಮೇಲಿನ ಕದ ತಲೆಯ ಮೇಲೆ, ಆದರೆ ಅದರ ಸದ್ದು ಬರುವುದು ಕೆಳಗಿನ ಕ ಆದ ಮೇಲೆ. ಇದನ್ನು ಬಿಡಿಸಿ ಹೇಳದಿದ್ದರೆ ಅದಕ್ಕೆ ಹೇಗೆ ಗೊತ್ತಾಗಬೇಕು? ‘ಅಕ್’ ಅಂತ ಹೇಳಿಸಿ ಅಲ್ಲೇ ತಡೆಯಿರಿ. ಗಂಟಲು ಕಟ್ಟಿದ ಹಾಗೆ ಆಗುತ್ತದೆ, ಅದು ಮಗುವಿಗೆ ಗೊತ್ತಾಗಲಿ. ಆಮೇಲೆ ‘ಕಿ’. ಮೇಲಿನ ಅಕ್ಷರ ಅರ್ಧ ಸದ್ದು, ಕೆಳಗಿನದು ಪೂರ್ತಿ, ತಲೆಯ ಮೇಲಿನ ಗುರುತು ಕೆಳಗಿನವನ ಪಾಲು. ನನ್ನ ತರಗತಿಯಲ್ಲಿ ಇದನ್ನೇ ಮತ್ತೆ ಮತ್ತೆ ಹೇಳುತ್ತೇವೆ.

ಮನೆಯವರಿಂದಲೇ ಶುರು ಮಾಡಿ: ಅಕ್ಕ, ಅಪ್ಪ, ಅಜ್ಜ, ಅಣ್ಣ, ಅಮ್ಮ. ಹೆಚ್ಚಿನ ಒತ್ತುಗಳು ತಲಕಟ್ಟು ತೆಗೆದ ಪುಟ್ಟ ಅಕ್ಷರಗಳೇ. ತ, ನ, ಮ, ಯ, ರ, ಲ ಇವುಗಳ ಒತ್ತು ಮಾತ್ರ ಬೇರೆ ರೂಪ. ಈ ಆರಕ್ಕೆ ಬೇರೆ ಕಾರ್ಡು ಮಾಡಿ ಗೋಡೆಗೆ ಅಂಟಿಸಿ. ‘ಕತೆ’, ‘ಕತ್ತೆ’ ಬರೆಸಿ. ಒಂದು ಒತ್ತು ಬಿಟ್ಟರೆ ಏನಾಗುತ್ತದೆ ಅಂತ ಮಕ್ಕಳು ನಕ್ಕು ನೆನಪಿಟ್ಟುಕೊಳ್ಳುತ್ತಾರೆ. ಇದು ಬಂದ ಮೇಲೆಯೇ ಪುಸ್ತಕ, ಚಕ್ರ, ಶುಕ್ರವಾರ. ಕೊನೆಗೆ ಅರ್ಕಾವತ್ತು, ಅಂದರೆ ಅರ್ಧ ರ ಸದ್ದಿನ ಗುರುತು. ‘ಕರ್ನಾಟಕ’ವನ್ನು ‘ಕನಾಟಕ’ ಅಂತ ಓದುವುದು ತೀರಾ ಸಾಮಾನ್ಯ, ಯಾಕೆಂದರೆ ಗುರುತು ನಾ ಆದ ಮೇಲಿದೆ, ಸದ್ದು ಅದಕ್ಕಿಂತ ಮುಂಚೆ ಬರಬೇಕು. ಆ ಗುರುತು ಕಂಡ ಕೂಡಲೇ ಬೆರಳನ್ನು ಒಂದು ಅಕ್ಷರ ಹಿಂದಕ್ಕೆ ಸರಿಸಿ ಓದುವ ಅಭ್ಯಾಸ ಮಾಡಿಸಿ. ಸೊನ್ನೆಗೆ ಅಂಗಡಿ, ಗಂಟೆ, ತಂದೆ, ಕಂಬ ಸಾಕು. ಮುಂದಿನ ಅಕ್ಷರ ಬದಲಾದಂತೆ ನಾಲಿಗೆ, ತುಟಿ ತಾವೇ ಬದಲಾಗುತ್ತವೆ.

ಬರೆಯುವಾಗ ಆಗುವ ತಪ್ಪುಗಳಲ್ಲಿ ಎರಡು ಬಗೆ ಇವೆ. ಎರಡಕ್ಕೂ ಒಂದೇ ಔಷಧಿ ಕೊಡಬೇಡಿ. ಮೊದಲನೆಯದು ಕಿವಿಯದ್ದು. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಹಾಲು ‘ಆಲು’, ಹಸು ‘ಅಸು’. ಮಗು ಕೇಳಿದ್ದನ್ನೇ ಬರೆಯುತ್ತದೆ. ಬೈದರೆ ಆನೆಗೂ ಹ ಹಾಕಿ ‘ಹಾನೆ’ ಅಂತ ಬರೆಯಲು ಶುರು ಮಾಡುತ್ತದೆ. ಅವರ ಮನೆ ಮಾತನ್ನು ತಪ್ಪು ಅನ್ನಬೇಡಿ. ಅಂಗೈಯನ್ನು ಬಾಯಿ ಮುಂದೆ ಇಟ್ಟುಕೊಂಡು ‘ಅಕ್ಕಿ’, ‘ಹಕ್ಕಿ’, ‘ಉಳಿ’, ‘ಹುಳಿ’ ಹೇಳಿಸಿ. ಹ ಬಂದಾಗ ಉಸಿರು ಕೈಗೆ ತಾಕುತ್ತದೆ. ಬಲೆ ಮತ್ತು ಬಳೆ, ಮನೆ ಮತ್ತು ಮಣೆ ಕೂಡ ಹೀಗೇ. ಮನೆಯಲ್ಲಿ ಉರ್ದು ಮಾತಾಡುವ ಮಕ್ಕಳಿಗೆ ಳ, ಣ ಹೊಸ ಸದ್ದುಗಳು. ಅವರಿಗೆ ಇನ್ನೂ ಸಮಯ ಕೊಡಿ.

ಎರಡನೆಯದು ಕಣ್ಣಿನ ತಪ್ಪು. ಮಾತಿನಲ್ಲಿ ಶ, ಷ ಬೇರೆ ಮಾಡಿ ಹೇಳುವವರು ಕಡಿಮೆ, ಖ, ಭ ಥರದ ಮಹಾಪ್ರಾಣವೂ ಅಷ್ಟೇ. ಶಾಲೆ, ವರ್ಷ, ಭಾನುವಾರ, ಸಂಖ್ಯೆ ಇಂಥವನ್ನು ನೋಡಿ ನೋಡಿಯೇ ಕಲಿಯಬೇಕು. ದಿನಾ ಕಣ್ಣಿಗೆ ಬೀಳುವ ಕಡೆ ಬರೆದಿಡಿ.

ಉಕ್ತಲೇಖನಕ್ಕೆ ಐದು ಪದ ಸಾಕು. ನೀವೇ ಕೆಂಪು ಗೆರೆ ಎಳೆಯುವ ಮೊದಲು ‘ನೀನು ಏನು ಬರೆದಿದ್ದೀಯೋ ಅದನ್ನೇ ಓದು’ ಅನ್ನಿ. ‘ಕತ್ತೆ’ ಬರೆಯಬೇಕಾಗಿದ್ದ ಮಗು ‘ಕತೆ’ ಅಂತ ಓದಿ, ‘ಅಯ್ಯೋ, ಒತ್ತು ಬಿಟ್ಟೆ’ ಅಂತ ತಾನೇ ತಿದ್ದಿಕೊಳ್ಳುತ್ತದೆ. ಸುಮ್ನೆ ಹತ್ತು ಸಲ ಬರೆಸುವುದಕ್ಕಿಂತ ಇದು ಎಷ್ಟೋ ಮೇಲು. ಹತ್ತು ಸಲ ಬರೆಯುವಾಗ ಮಗು ಪದವನ್ನು ನೋಡುವುದೇ ಇಲ್ಲ.

ವ್ಯಾಕರಣದ ಹೆಸರುಗಳು ಮೂರನೇ ತರಗತಿವರೆಗೆ ಕಾಯಲಿ. ಅಲ್ಲಿಯವರೆಗೆ ಬಾಯಿ ಆಟ ಆಡಿಸಿ. ‘ಅಣ್ಣ ಬಂದನು’ ಅಂತ ನೀವು ಹೇಳಿ, ಅಣ್ಣನ ಜಾಗಕ್ಕೆ ಅಕ್ಕ, ನಾಯಿ, ಮಕ್ಕಳು, ಅಜ್ಜಿ ಹಾಕಿಸಿ. ಅಜ್ಜಿ ಒಬ್ಬರೇ ಇದ್ದರೂ ಯಾಕೆ ‘ಬಂದರು’ ಅಂತ ಒಬ್ಬರಾದರೂ ಕೇಳುತ್ತಾರೆ. ಆ ಪ್ರಶ್ನೆಗೆ ಸಮಯ ಕೊಡಿ, ವಚನವೂ ಮರ್ಯಾದೆಯೂ ಒಟ್ಟಿಗೆ ಗೊತ್ತಾಗುತ್ತವೆ. ವಿಭಕ್ತಿಗೆ ‘ಮರ’ ಒಂದೇ ಪದ ಸಾಕು. ಮರವನ್ನು, ಮರದಿಂದ, ಮರಕ್ಕೆ, ಮರದಲ್ಲಿ ಇವುಗಳಿಗೆ ಮಕ್ಕಳೇ ವಾಕ್ಯ ಕಟ್ಟಲಿ. ‘ಬತ್ತೀನಿ’ ಒಂದು ಕಡೆ, ‘ಬರುತ್ತೇನೆ’ ಇನ್ನೊಂದು ಕಡೆ ಬರೆದು, ಮನೆ ಮಾತು, ಪುಸ್ತಕದ ಮಾತು ಅಂತ ಹೆಸರು ಕೊಡಿ. ಎರಡೂ ಕನ್ನಡವೇ.

ಓದು ಬಾರದ ಅಪ್ಪ ಅಮ್ಮಂದಿರಿಗೂ ಇದರಲ್ಲಿ ಕೆಲಸ ಇದೆ. ಬಸ್ ನಿಲ್ದಾಣದಲ್ಲಿ ನಿಂತಾಗ ಬೋರ್ಡು ಓದಿಸಲಿ. ನಮ್ಮ ಕಡೆಯ ಬೋರ್ಡುಗಳಲ್ಲಿ ಇಡೀ ಪಾಠವೇ ಇದೆ: ಮದ್ದೂರು, ಮಳವಳ್ಳಿಯಲ್ಲಿ ಅದೇ ಅಕ್ಷರದ ಒತ್ತು, ಪಾಂಡವಪುರದಲ್ಲಿ ಸೊನ್ನೆ, ಶ್ರೀರಂಗಪಟ್ಟಣದಲ್ಲಿ ಎಲ್ಲವೂ. ಎರಡನೇ ತರಗತಿ ಮುಗಿಯುವಷ್ಟರಲ್ಲಿ ಆ ಕೊನೆಯ ಬೋರ್ಡನ್ನು ಓದಿದರೆ ಮಗು ಸರಿಯಾದ ದಾರಿಯಲ್ಲಿದೆ. ಅದನ್ನೇ ತಪ್ಪಿಲ್ಲದೆ ಬರೆಯಲು ಇನ್ನೊಂದು ವರ್ಷ ಹಿಡಿದರೂ ಗಾಬರಿ ಬೇಡ.