ಚಕ್ರ ಬಿಟ್ಟು ಬ್ಲೇಡ್ ಹತ್ತಿದ್ದು

ಇನ್‌ಲೈನ್ ಹಾಕಿಯಲ್ಲಿ, ಅಂದ್ರೆ ಒಂದೇ ಸಾಲಿನ ಚಕ್ರದ ಸ್ಕೇಟ್ ಹಾಕಿಕೊಂಡು ಆಡುವ ಹಾಕಿಯಲ್ಲಿ, ನಾನು ಫಾರ್ವರ್ಡ್. ಕಾಲು ಪಳಗಿದ್ದೆಲ್ಲ ಮೈಸೂರಿನ ಸಿಮೆಂಟ್ ರಿಂಕಿನಲ್ಲೇ. ಲೇಹ್‌ಗೆ ಹೋಗಿ ಐಸ್ ಹಾಕಿ ಆಡ್ತೀನಿ ಅಂದಾಗ ಕೋಚ್ ಕೇಳಿದ್ದು ಒಂದೇ ಮಾತು: "ಓಡೋದಿರ್ಲಿ ಕಣಯ್ಯ, ನಿಲ್ಲೋಕೆ ಬರುತ್ತಾ?"

ಚಕ್ರದ ಮೇಲೆ ನಾವು ನಿಲ್ಲುವುದೇ ಕಡಿಮೆ. ಸಿಮೆಂಟು ಚಕ್ರವನ್ನು ಕಚ್ಚಿ ಹಿಡಿಯುತ್ತೆ, ಹಾಗಾಗಿ ಒಂದು ಸುತ್ತು ಹೊಡೆದು ತಿರುಗಿಬಿಡ್ತೀವಿ. ಐಸ್ ಮೇಲೆ ಆ ಸುತ್ತು ಮುಗಿಯುವಷ್ಟರಲ್ಲಿ ಪಕ್ (ಚೆಂಡಿನ ಬದಲು ಆಡುವ ಚಪ್ಪಟೆ ಬಿಲ್ಲೆ) ಎದುರಾಳಿ ಪಾಲು. ಅಲ್ಲಿ ಮಂಡಿ ಬಗ್ಗಿಸಿ, ಎರಡೂ ಬ್ಲೇಡನ್ನು ಒಮ್ಮೆಲೇ ಅಡ್ಡ ತಿರುಗಿಸಿ, ಐಸನ್ನು ಹೆರೆಯುತ್ತ ನಿಲ್ಲಬೇಕು. ಬ್ಲೇಡಿನ ತಳದಲ್ಲಿ ಉದ್ದಕ್ಕೂ ಒಂದು ತೋಡು, ಅದರ ಅತ್ತಿತ್ತ ಎರಡು ಅಂಚು. ನಿಲ್ಲುವಾಗ ಮುಂದಿನ ಕಾಲಿನ ಒಳಅಂಚೂ ಹಿಂದಿನ ಕಾಲಿನ ಹೊರಅಂಚೂ ಒಟ್ಟಿಗೆ ಹಿಡಿಯಬೇಕು. ಹೊಸಬರನ್ನು ಸತಾಯಿಸೋದು ಈ ಹೊರಅಂಚೇ.

ಮೈಸೂರಲ್ಲಿ ಐಸ್ ಎಲ್ಲಿಂದ ತರೋದು? ಮನೆಯ ರೆಡ್ ಆಕ್ಸೈಡ್ ನೆಲ ನುಣ್ಣಗಿತ್ತು. ಕಾಲುಚೀಲ ಹಾಕಿಕೊಂಡು ನಡುಮನೆಯಲ್ಲಿ ಓಡಿಬಂದು ಅಡ್ಡ ಜಾರಿ ನಿಲ್ಲೋದು ಅಭ್ಯಾಸ ಮಾಡಿದೆ. "ಕಾಲು ಮುರ್ಕೊಂಡ್ರೆ ದಸರಾಕ್ಕೆ ಗೊಂಬೆ ಪೆಟ್ಟಿಗೆ ಅಟ್ಟದಿಂದ ಇಳಿಸೋರ್ಯಾರೋ?" ಅಂತ ಅಮ್ಮನ ಗೊಣಗಾಟ ಇದ್ದೇ ಇತ್ತು. ನೆಲ ಅಂಚು ಕಲಿಸಲ್ಲ ನಿಜ, ಆದರೆ ಸೊಂಟ ಯಾವಾಗ ತಿರುಗಬೇಕು, ಭಾರ ಎಲ್ಲಿ ಬೀಳಬೇಕು ಅನ್ನೋದನ್ನ ಕಲಿಸುತ್ತೆ.

ಚಾಮುಂಡಿ ಬೆಟ್ಟದ ಮೆಟ್ಟಿಲನ್ನೂ ಬೇರೆ ಥರ ಹತ್ತಿದೆ. ಐಸ್ ಹಾಕಿ 20 ನಿಮಿಷದ ಮೂರು ಅವಧಿ ನಡೆದರೂ ಫಾರ್ವರ್ಡ್ ಒಂದು ಸಲಕ್ಕೆ ಆಡೋದು 40–50 ಸೆಕೆಂಡ್, ಆಮೇಲೆ ಬೆಂಚು. ಅದಕ್ಕೇ 45 ಸೆಕೆಂಡ್ ಜೀವ ಬಿಟ್ಟು ಓಡಿ, ಎರಡು ಮೂರು ನಿಮಿಷ ಕೂತು, ಮತ್ತೆ ಓಟ. ಇಷ್ಟಾದರೂ ಲೇಹ್ ಲೇಹೇ. ನಮ್ಮೂರು ಸುಮಾರು 770 ಮೀಟರ್ ಎತ್ತರದಲ್ಲಿದ್ದರೆ ಅದು ಹತ್ತಿರ ಹತ್ತಿರ 3,500. ಮೊದಲ ದಿನಗಳಲ್ಲಿ ಸ್ಕೇಟ್ ಮುಟ್ಟದೆ ಸುಮ್ಮನಿರೋದೇ ವಾಸಿ.

ನಿಲ್ಲೋದರ ಬೆಲೆ ಗೊತ್ತಾಗೋದು ನೀಲಿ ಗೆರೆಯ ಹತ್ತಿರ, ಅಂದ್ರೆ ಎದುರಾಳಿಯ ಗೋಲಿನ ಕಡೆಯ ವಲಯ ಶುರುವಾಗುವಲ್ಲಿ. ನಾವಾಡುವ ಇನ್‌ಲೈನ್‌ನಲ್ಲಿ ಆಫ್‌ಸೈಡ್ ಇಲ್ಲ. ಐಸ್‌ನಲ್ಲಿ ಪಕ್‌ಗಿಂತ ಮೊದಲು ಗೆರೆ ದಾಟಿದರೆ ಸೀಟಿ. ಅಂಚಿನಲ್ಲಿ ಆಡುವ ವಿಂಗರ್ ಜೋರಾಗಿ ಬಂದು ಗೆರೆಗೆ ಮುಂಚೆ ತಡೆದು, ನಡುವೆ ಆಡುವ ಸೆಂಟರ್ ಪಕ್ ಒಳಗೆ ತಂದ ಕೂಡಲೇ ನುಗ್ಗಬೇಕು.

ಈಗ ನಮ್ಮ ರಿಂಕಿನ ಹುಡುಗರಿಗೆ ಸೀಮೆಸುಣ್ಣದಲ್ಲಿ ಎರಡು ಗೆರೆ ಎಳೆದು ಆಡಿಸ್ತೀನಿ. ಐಸ್‌ನಲ್ಲಾದರೆ ಆಫ್‌ಸೈಡಿಗೆ ಫೇಸ್‌ಆಫ್, ಅಂದ್ರೆ ಎರಡೂ ತಂಡದ ಒಬ್ಬೊಬ್ಬರ ನಡುವೆ ಪಕ್ ಬಿಟ್ಟು ಆಟ ಮತ್ತೆ ಶುರು. ನಾನು ಪಕ್ಕನ್ನೇ ಎದುರು ತಂಡಕ್ಕೆ ಕೊಟ್ಟುಬಿಡ್ತೀನಿ, ಬೇಗ ಕಲೀತಾರೆ.