ಮೊದಲು ಅಜ್ಜಿ, ಆಮೇಲೆ ಮಗು: ತಿಪಟೂರಿನಲ್ಲಿ ನಾನು ಕಂಡುಕೊಂಡ ದಾರಿ

ಆತಂಕದಿಂದ ಶಾಲೆ ಬಿಟ್ಟ ಮಕ್ಕಳಿಗೆ ತಾಲ್ಲೂಕು ಕೇಂದ್ರದಲ್ಲೇ, ಕನ್ನಡದಲ್ಲೇ ಸಿಬಿಟಿ, ಅಂದರೆ ಆಲೋಚನೆ, ವರ್ತನೆಗಳನ್ನು ಬದಲಿಸಲು ಕಲಿಸುವ ಮಾತಿನ ಚಿಕಿತ್ಸೆ, ಕೊಡುತ್ತೇನೆ ಎಂದಾಗ ನಮ್ಮ ವೃತ್ತಿಯ ಹಿರಿಯರೇ ಒಪ್ಪಲಿಲ್ಲ. ‘ಅದೆಲ್ಲ ಬೆಂಗಳೂರಿನ ಮಕ್ಕಳಿಗೆ. ಇಲ್ಲಿಯವರಿಗೆ ಮಾತ್ರೆ ಬರೆಸಿ ಕಳುಹಿಸಿ’ ಎಂದರು. ಅದಾಗಿ ಏಳೆಂಟು ವರ್ಷವಾಯಿತು. ನೆನಪಿನ ಮೇಲೆ ಹೇಳುವುದಾದರೆ, ಶಾಲೆಯೇ ಬೇಡವೆಂದು ಬಂದ ಮೂವತ್ತು ಮೂವತ್ತೈದು ಮಕ್ಕಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಂದಿ ತರಗತಿಗೆ ಮರಳಿದ್ದಾರೆ. ಅದೇ ಹಿರಿಯರು ಈಗ ಮಕ್ಕಳನ್ನು ನನ್ನ ಬಳಿಗೆ ಕಳುಹಿಸುತ್ತಾರೆ.

ಬೆಳಿಗ್ಗೆ ಎಂಟಕ್ಕೆ ಹೊಟ್ಟೆನೋವು, ಹತ್ತೂವರೆಗೆ ಮಾಯ, ಭಾನುವಾರ ಅದರ ಸುಳಿವೇ ಇಲ್ಲ. ಇದನ್ನು ನೀವೆಲ್ಲ ಕಂಡಿದ್ದೀರಿ. ನಮ್ಮಲ್ಲಿಗೆ ಬರುವ ಹೊತ್ತಿಗೆ ಗ್ಯಾಸ್ಟ್ರಿಕ್ ಎಂದು ಎಂಡೋಸ್ಕೋಪಿ, ಸ್ಕ್ಯಾನಿಂಗ್, ತಾಯತ, ಹರಕೆ ಎಲ್ಲ ಸೇರಿ ಮೂವತ್ತು ನಲವತ್ತು ಸಾವಿರ ಕೈಬಿಟ್ಟಿರುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮನೋವೈದ್ಯಕೀಯ ವಿಭಾಗವೇ ಇದೆ. ಆದರೆ ಸುಮಾರು 140 ಕಿಲೋಮೀಟರ್ ದೂರಕ್ಕೆ ವಾರವಾರವೂ ಇಬ್ಬರು ಹೋಗಿಬರಲು ರೈಲು, ಊಟ, ಒಬ್ಬರ ಕೂಲಿ ಸೇರಿ ಸಾವಿರ ಸಾವಿರದೈನೂರು ಬೇಕು. ನನ್ನ ಶುಲ್ಕ ಸಲಕ್ಕೆ 300 ರೂಪಾಯಿ, ಹನ್ನೆರಡು ಹದಿನಾಲ್ಕು ಸಲದಲ್ಲಿ ಮುಗಿಯುತ್ತದೆ. ಮೊದಲೆರಡು ವರ್ಷ ಕೋಣೆಯ ಬಾಡಿಗೆಯೂ ಹುಟ್ಟಲಿಲ್ಲ. ಕೊಬ್ಬರಿ ಬೆಲೆ ಬಿದ್ದ ವರ್ಷ ಅರ್ಧಕ್ಕರ್ಧ ಮಕ್ಕಳು ನಡುವೆಯೇ ನಿಂತರು. ಈಗಲೂ ದುಡ್ಡು ಸುಗ್ಗಿಯ ಮೇಲೆ ಬರುತ್ತದೆ, ಬರಲಿ.

ಅಚ್ಚು ಹಾಕಿಸಿದ ಹಾಳೆಗಳು ಇಲ್ಲಿ ನಡೆಯಲಿಲ್ಲ. ಆಲೋಚನೆ, ಭಾವನೆ, ವರ್ತನೆ ಎಂದು ಅಂಕಣ ಹಾಕಿದ ಹಾಳೆ ಮಕ್ಕಳಿಗೆ ಇನ್ನೊಂದು ಹೋಂವರ್ಕ್ ಆಯಿತು. ತಾಯಂದಿರೇ ತುಂಬಿ ತಂದರು. ಭಯಕ್ಕೆ ಹತ್ತರಲ್ಲಿ ಎಷ್ಟು ಎಂದರೆ ಎಲ್ಲರೂ ಐದು ಎನ್ನುತ್ತಿದ್ದರು. ಆಗ ಅಂಕಿಯನ್ನೇ ಬಿಟ್ಟು, ‘ಕೆರೆಗೆ ಇಳಿದಿದ್ದೀಯ ಎಂದುಕೋ, ನೀರು ಎಲ್ಲಿಗೆ ಬಂತು?’ ಎಂದು ಕೇಳತೊಡಗಿದೆ. ಪಾದ, ಮೊಣಕಾಲು, ಸೊಂಟ, ಎದೆ, ಕುತ್ತಿಗೆ. ಆರು ವರ್ಷದ ಮಗುವೂ ಕೈಯಿಟ್ಟು ತೋರಿಸುತ್ತದೆ.

ಒಂಬತ್ತನೆಯ ತರಗತಿಯ ಒಬ್ಬ ಹುಡುಗಿಯ ವಿಷಯ ಹೇಳುತ್ತೇನೆ. ಎದ್ದು ನಿಂತು ಓದಬೇಕೆಂದರೆ ಗಂಟಲು ಕಟ್ಟುತ್ತಿತ್ತು, ಬೆಳಿಗ್ಗೆ ವಾಂತಿ. ಅಜ್ಜಿ ಏಳೂವರೆಗೇ ನಿಂಬೆ ಷರಬತ್ತು ಹಿಡಿದು ಹಾಸಿಗೆಯ ಪಕ್ಕ ಕೂರುತ್ತಿದ್ದರು: ‘ಇವತ್ತು ಬೇಡ ಬಿಡು ಪುಟ್ಟಿ.’ ತಾಯಿ ರಜಾ ಅರ್ಜಿ ಬರೆಯುತ್ತಿದ್ದರು. ತಂದೆ ಮೇಷ್ಟರನ್ನು ಮನೆಗೇ ಕರೆಸಿದ್ದರು. ನಾನು ಕೆಲವು ವಾರ ಹುಡುಗಿಯ ಕೆಲಸಕ್ಕೆ ಕೈಹಾಕದೆ ಈ ಮೂವರನ್ನು ಹಿಡಿದೆ. ಯೇಲ್ ವಿಶ್ವವಿದ್ಯಾಲಯದ ಎಲಿ ಲೆಬೊವಿಟ್ಜ್ ರೂಪಿಸಿದ, ಮಗುವಿನ ಆತಂಕಕ್ಕೆ ತಂದೆತಾಯಿಯ ನಡವಳಿಕೆಯನ್ನು ಬದಲಿಸುವ ‘ಸ್ಪೇಸ್’ ಚಿಕಿತ್ಸೆ ಬಲ್ಲವರಿಗೆ ತಂದೆತಾಯಿಯಿಂದ ಆರಂಭಿಸುವುದು ಹೊಸದಲ್ಲ. ಅಜ್ಜಿಯನ್ನು ಸೇರಿಸಿಕೊಂಡದ್ದು ನಾನು. ‘ಕಷ್ಟ ಅಂತ ಗೊತ್ತು ಪುಟ್ಟಿ. ಆದರೂ ನಿನ್ನ ಕೈಲಾಗುತ್ತದೆ’ ಎಂದು ಹೇಳಿ, ಎದ್ದು ಕೊಟ್ಟಿಗೆಗೆ ಹೋಗಿಬಿಡಬೇಕು. ಅವರಿಗೆ ಕೊಟ್ಟ ಕೆಲಸ ಅಷ್ಟೇ. ಆ ಎದ್ದು ಹೋಗುವುದನ್ನು ಕಲಿಯಲು ಅವರು ಪಟ್ಟ ಪಾಡು ದೊಡ್ಡದು.

ಆಮೇಲೆ ಏಣಿ, ಅಂದರೆ ಭಯವನ್ನು ಸಣ್ಣದರಿಂದ ದೊಡ್ಡದಕ್ಕೆ ಮೆಟ್ಟಿಲು ಮೆಟ್ಟಿಲಾಗಿ ಎದುರಿಸುವುದು. ಸಮವಸ್ತ್ರ, ಬೂಟು ಹಾಕಿ ಹತ್ತರವರೆಗೆ ಜಗುಲಿಯಲ್ಲಿ ಕೂರುವುದು: ನೀರು ಪಾದಕ್ಕೆ. ಎಲ್ಲರೂ ಹೋದ ಮೇಲೆ ಶಾಲೆಯ ಗೇಟಿನ ಬಳಿ ನಿಲ್ಲುವುದು: ಮೊಣಕಾಲಿಗೆ. ಖಾಲಿ ತರಗತಿಯಲ್ಲಿ ಕೊನೆಯ ಬೆಂಚಿನಲ್ಲಿ ಕೂತ ತಾಯಿಗೆ ಸಮಾಜ ವಿಜ್ಞಾನದ ಪಾಠ ಓದಿ ಹೇಳುವುದು: ಸೊಂಟಕ್ಕೆ. ಹಾಜರಿಗೆ ‘ಪ್ರೆಸೆಂಟ್’ ಎನ್ನುವುದು ಎದೆಗೆ, ಇಡೀ ತರಗತಿಗೆ ಓದುವುದು ಕುತ್ತಿಗೆಗೆ. ನೀರು ತಾನಾಗಿ ಇಳಿಯುವ ತನಕ ಅಲ್ಲಿಂದ ಕದಲುವಂತಿಲ್ಲ. ಗೇಟಿನ ಬಳಿ ತಿಂಗಳ ಹತ್ತಿರ ಸಿಕ್ಕಿಕೊಂಡಳು. ದಿನಾ ಬೆಳಿಗ್ಗೆ ಎಂಟರಿಂದ ಒಂಬತ್ತರವರೆಗೆ ನಾನು ಫೋನಿನಲ್ಲಿರುತ್ತೇನೆ, ಅದಕ್ಕೆ ಶುಲ್ಕವಿಲ್ಲ. ಆ ಒಂದು ಗಂಟೆಯಲ್ಲಿ ಆಗುವ ಕೆಲಸ ಕೋಣೆಯಲ್ಲಿ ಆಗುವುದಿಲ್ಲ. ಮುಖ್ಯೋಪಾಧ್ಯಾಯರನ್ನು ಒಪ್ಪಿಸುವ ಬಗೆ, ಫೋನಿನಲ್ಲಿ ಮಗುವಿಗೆ ಹೇಳುವ ಮೊದಲ ಮಾತು, ಈ ಎರಡನ್ನು ಇಲ್ಲಿ ಬರೆಯುವುದಿಲ್ಲ. ಎದುರಿಗೆ ಸಿಕ್ಕರೆ ಹೇಳುತ್ತೇನೆ. ಹುಡುಗಿ ಎಸ್ಸೆಸ್ಸೆಲ್ಸಿ ಪಾಸಾದಳು.

ಖಿನ್ನತೆಗೆ ಈ ಏಣಿ ಸಾಲದು. ಒಬ್ಬ ಪಿಯುಸಿ ಹುಡುಗ ಮಧ್ಯಾಹ್ನದವರೆಗೆ ಏಳುತ್ತಿರಲಿಲ್ಲ. ರಾಜ್ಯ ಸರ್ಕಾರದ ಮನೋಚೈತನ್ಯ ಯೋಜನೆಯಡಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಬರುವ ಮನೋವೈದ್ಯರು ಖಿನ್ನತೆಯ ಔಷಧಿ ಫ್ಲೂಯೊಕ್ಸೆಟಿನ್ ಆರಂಭಿಸಿದರು. ನಾನು ಕೆರೆ ಏರಿಯ ಮೇಲೆ ನಡೆಯಲು ಹೇಳಿದೆ, ಮೂರು ದಿನಕ್ಕೆ ನಿಂತಿತು. ಡೇರಿಗೆ ಹಾಲು ಹಾಕಿ ಬಾ ಎಂದೆ, ಅದು ಹಿಡಿಯಿತು. ಏರಿಯ ಮೇಲೆ ಅವನಿಗಾಗಿ ಕಾಯುವವರಿಲ್ಲ. ಡೇರಿ ಹೊತ್ತಿಗೆ ಸರಿಯಾಗಿ ಮುಚ್ಚುತ್ತದೆ, ಕಾರ್ಯದರ್ಶಿ ಹೆಸರು ಹಿಡಿದು ಕೂಗುತ್ತಾರೆ. ಅಂದಿನಿಂದ ಇಂಥ ಮಕ್ಕಳಿಗೆ ಯಾರಾದರೂ ಕಾಯುವ ಕೆಲಸವನ್ನೇ ಹುಡುಕುತ್ತೇನೆ. ಹೂವಿನ ಅಂಗಡಿ, ದೇವಸ್ಥಾನದ ಪ್ರಸಾದದ ಸಾಲು, ಎರಡನ್ನೂ ಪರೀಕ್ಷಿಸಿದ್ದೇನೆ. ಹೂವಿನ ಅಂಗಡಿ ಮೇಲು.

ಸಾಯುವ ಮಾತು ಬಂದರೆ ಏಣಿಯೂ ಇಲ್ಲ, ಡೇರಿಯೂ ಇಲ್ಲ. ಮಗುವನ್ನು ಒಂಟಿಯಾಗಿ ಬಿಡದೆ ಅಂದೇ ಮನೋವೈದ್ಯರ ಬಳಿಗೆ ಕಳುಹಿಸುತ್ತೇನೆ, ಮನೆಯಲ್ಲಿರುವ ಕೀಟನಾಶಕದ ಡಬ್ಬಿಯನ್ನು ಅಂದೇ ಬೇರೆ ಕಡೆಗೆ ಸಾಗಿಸುತ್ತೇನೆ. ರಾತ್ರಿಯ ಹೊತ್ತಿಗೆಂದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್‌ನ 14416 ಸಂಖ್ಯೆಯನ್ನು ತಂದೆಯ ಮೊಬೈಲ್‌ನಲ್ಲಿ ನಾನೇ ಉಳಿಸಿ ಕೊಡುತ್ತೇನೆ. ಅದು 24 ಗಂಟೆಯೂ ಉಚಿತ, ಕನ್ನಡದಲ್ಲೂ ಮಾತನಾಡುತ್ತಾರೆ.

ಈಗ ಪೂರ್ವಸಿದ್ಧತಾ ಪರೀಕ್ಷೆಗೆ ಮೊದಲೇ ಏಣಿ ಹತ್ತಿಸುವ ಪ್ರಯತ್ನ ನಡೆದಿದೆ. ಐದಾರು ಮಕ್ಕಳಿದ್ದಾರೆ. ನೋಡಬೇಕೆನ್ನುವ ಸಹೋದ್ಯೋಗಿಗಳು ಶನಿವಾರ ಮಧ್ಯಾಹ್ನ ಬರಬಹುದು. ಮನೆಯವರ ಒಪ್ಪಿಗೆ ಪಡೆದೇ ಪಕ್ಕದಲ್ಲಿ ಕೂರಿಸಿಕೊಳ್ಳುತ್ತೇನೆ.